ಸ್ಟೆಪ್ನಿಯಲ್ಲಿ ಗಾಳಿ ಇದೆಯಾ? ವಿಂಡೋಸ್ ರಿಕವರಿಯ ದುರಸ್ತಿ



ಕಳೆದ ನವೆಂಬರ್‌ನಲ್ಲಿ ಒಂದು ದಿನ ಮೈಸೂರಿನಿಂದ ಅಪ್ಪನ ಫೋನ್. ಅಲ್ಲಿ ಬೆಳಿಗ್ಗೆ ಎಂಟು, ಇಲ್ಲಿ ಜರ್ಮನಿಯಲ್ಲಿ ರಾತ್ರಿ ಮೂರೂವರೆ. "ಏನೋ, ಈ ಲ್ಯಾಪ್‌ಟಾಪ್ ಆನ್ ಆಗ್ತಾನೇ ಇಲ್ಲ ಕಣೋ. ಪೆನ್ಶನ್ ಕಾಗದ ಎಲ್ಲಾ ಅದರಲ್ಲೇ ಇದೆ." "ಗಾಬರಿಯಾಗ್ಬೇಡಿ ಅಪ್ಪ, ರಿಪೇರಿ ಪರದೆ ತಾನಾಗೇ ಬರುತ್ತೆ" ಅಂದೆ. ಬರಲಿಲ್ಲ! ಯಾಕೆ ಬರಲಿಲ್ಲ, ಅದನ್ನು ಸರಿಮಾಡೋದು ಹೇಗೆ ಅನ್ನೋದೇ ಇವತ್ತಿನ ಪಾಠ.

ವಿಂಡೋಸ್ ಸತತ ಎರಡು ಸಲ ಶುರುವಾಗಲು ಸೋತರೆ, ಮುಂದಿನ ಸಲ ಒಂದು ಪುಟ್ಟ ವಿಂಡೋಸ್ ಎದ್ದು ಬರಬೇಕು. ಇದರ ಹೆಸರು ವಿಂಡೋಸ್ ರಿಕವರಿ ಎನ್ವಿರಾನ್‌ಮೆಂಟ್. ಕೆಟ್ಟಿರೋ ವಿಂಡೋಸನ್ನು ನಂಬದೆ ಇದು ನೇರವಾಗಿ ಮೆಮೊರಿಯಲ್ಲೇ ಓಡುತ್ತೆ. ಕಾರಿನ ಸ್ಟೆಪ್ನಿ ಇದ್ದ ಹಾಗೆ ಅಂದುಕೊಳ್ಳಿ. ಇದೆಲ್ಲಾ ಇರೋದು 'ವಿನ್‌ಆರ್‌ಇ ಡಾಟ್ ವಿಮ್' ಅನ್ನೋ ಒಂದೇ ಫೈಲಿನಲ್ಲಿ.

ಅಸಲಿ ವಿಷಯ ಇಲ್ಲಿದೆ. ಈ ಸೌಲಭ್ಯ ಚಾಲೂ ಆದಾಗ ಆ ಫೈಲು ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ ಉಳಿಯೋದಿಲ್ಲ, ಕಣ್ಣಿಗೆ ಕಾಣದ ರಿಕವರಿ ಪಾರ್ಟಿಶನ್‌ಗೆ ಹೋಗುತ್ತೆ. ಅಪ್ಪ ಹಳೇ ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿಸಿದ್ದರು. ಆಗ ರಿಕವರಿ ಪಾರ್ಟಿಶನ್ ಕಾಪಿ ಆಗಿರಲೇ ಇಲ್ಲ. ಲ್ಯಾಪ್‌ಟಾಪ್ ಚೆನ್ನಾಗೇ ಓಡ್ತಿತ್ತು, ಸ್ಟೆಪ್ನಿ ಇಲ್ಲ ಅಂತ ಗೊತ್ತಾಗಿದ್ದು ಪಂಕ್ಚರ್ ಆದ ಮೇಲೆ.

ಈಗ ನಿಮ್ಮ ಕಂಪ್ಯೂಟರ್ ನೋಡೋಣ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಒಂದೊಂದೇ ಅಕ್ಷರ ಹೇಳ್ತೀನಿ: ಆರ್, ಇ, ಎ, ಜಿ, ಇ, ಎನ್, ಟಿ, ಸಿ. ಒಂದು ಸ್ಪೇಸ್, ಆಮೇಲೆ ಸ್ಲ್ಯಾಶ್ ಇನ್ಫೋ. 'ಎನೇಬಲ್ಡ್' ಅಂತ ಬಂದರೆ ಸರಿ. 'ಡಿಸೇಬಲ್ಡ್' ಅಂತ ಬಂದರೆ ಅದೇ ಕಮಾಂಡಿನ ಮುಂದೆ ಸ್ಲ್ಯಾಶ್ ಎನೇಬಲ್ ಕೊಡಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತೆ.

ಫೈಲು ಸಿಗಲಿಲ್ಲ ಅಂದರೆ? ನಿಮ್ಮದೇ ಆವೃತ್ತಿಯ ವಿಂಡೋಸ್ ಐಎಸ್‌ಒ ಇಳಿಸಿಕೊಳ್ಳಿ. ಅದರ 'ಸೋರ್ಸಸ್' ಫೋಲ್ಡರ್‌ನಲ್ಲಿ 'ಇನ್‌ಸ್ಟಾಲ್ ಡಾಟ್ ವಿಮ್' ಇರುತ್ತೆ. ಅದನ್ನು ಸೆವೆನ್-ಜಿಪ್‌ನಲ್ಲಿ ತೆರೆದು ವಿಂಡೋಸ್, ಸಿಸ್ಟಮ್ 32, ರಿಕವರಿ ಫೋಲ್ಡರಿಗೆ ಹೋಗಿ. ಅಲ್ಲಿರುವ ವಿನ್‌ಆರ್‌ಇ ಫೈಲನ್ನು ನಿಮ್ಮ ಸಿ ಡ್ರೈವ್‌ನ ಅದೇ ಜಾಗಕ್ಕೆ ಹಾಕಿ, ಮತ್ತೆ ಎನೇಬಲ್ ಮಾಡಿ.

ಇನ್ನೊಂದು ತೊಡಕು ಜಾಗದ್ದು. 2024ರ ಜನವರಿಯಲ್ಲಿ ಬಂದ ಒಂದು ಅಪ್‌ಡೇಟ್‌ಗೆ ರಿಕವರಿ ಪಾರ್ಟಿಶನ್‌ನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ಅಷ್ಟು ಇಲ್ಲದ ಕಂಪ್ಯೂಟರ್‌ಗಳಲ್ಲಿ ಅದು ವಿಫಲವಾಯ್ತು. ಪಾರ್ಟಿಶನ್ ಹಿಗ್ಗಿಸೋ ಕೆಲಸಕ್ಕೆ ಕೈಹಾಕೋ ಮೊದಲು ಫೈಲುಗಳ ಬ್ಯಾಕಪ್ ತೆಗೆದಿಡಿ.

ಡಿಸ್ಕ್ ಬದಲಾಯಿಸೋ ಯೋಚನೆ ಇದೆಯಾ? ಮೊದಲೇ ಸ್ಲ್ಯಾಶ್ ಡಿಸೇಬಲ್ ಕೊಡಿ. ಫೈಲು ವಾಪಸ್ ಸಿ ಡ್ರೈವ್‌ಗೆ ಬರುತ್ತೆ, ಕಾಪಿ ಮಾಡುವಾಗ ಜೊತೆಗೇ ಹೋಗುತ್ತೆ. ಹೊಸ ಡಿಸ್ಕಿನಲ್ಲಿ ಮತ್ತೆ ಎನೇಬಲ್ ಮಾಡಿ. ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ರಿಪೇರಿ ಪರದೆ ಅದನ್ನು ಕೇಳಬಹುದು.

ಅಪ್ಪನ ಕಥೆ ಏನಾಯ್ತು? ಪಕ್ಕದ ಮನೆ ಹುಡುಗ ತನ್ನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಟ್ಟ. ಅದರಲ್ಲೂ ಇದೇ ಸ್ಟೆಪ್ನಿ ಇರುತ್ತೆ. 'ಇನ್‌ಸ್ಟಾಲ್' ಒತ್ತದೆ 'ರಿಪೇರ್ ಯುವರ್ ಕಂಪ್ಯೂಟರ್' ಒತ್ತಿಸಿದೆ, ಆಮೇಲೆ ಸ್ಟಾರ್ಟ್‌ಅಪ್ ರಿಪೇರ್. ಅರ್ಧ ಗಂಟೆಯಲ್ಲಿ ಎದ್ದು ಕೂತಿತು, ಕಾಗದಗಳೂ ಉಳಿದವು.

ಈ ವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ, ಊಟ ಆಯ್ತಾ ಅಂತ ಕೇಳಿದ ಮೇಲೆ, ಆ ಇನ್ಫೋ ಕಮಾಂಡ್ ಒಂದನ್ನು ಹೊಡೆಸಿ ನೋಡಿ.