ಸಣ್ಣ ಟ್ರೈಲರಿಗೆ ಬಿರಿಯನ್ನೂ ಏರುಹಲಗೆಯನ್ನೂ ಅಳವಡಿಸುವ ಕ್ರಮ

ಬನಶಂಕರಿಯನ್ನು ದಾಟಿ ಕನಕಪುರದ ಕಡೆಗೆ ಹೋಗುವ ರಸ್ತೆಯ ಗ್ರಾಮಗಳಲ್ಲಿ ಎತ್ತಿನ ಗಾಡಿಯ ಕೆಲಸವನ್ನು ಈಗ ಬಹುಮಟ್ಟಿಗೆ ಟ್ರಾಕ್ಟರಿನ ಟ್ರೈಲರೇ ಮಾಡುತ್ತಿರುವುದು. ಬಿರಿಯಿಲ್ಲದ ಗಾಡಿಯು ಇಳಿಜಾರಿನಲ್ಲಿ ಮುಂದಕ್ಕೆ ನೂಕಿದಾಗ ನೊಗವು ಎತ್ತುಗಳ ಕೊಂಬಿನ ಕಡೆಗೆ ಜರುಗಿ ಅವುಗಳಿಗೆ ಬಹಳ ಬಾಧೆಯಾಗುತ್ತಿತ್ತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲನೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಗಾಡಿಯ ಸುಧಾರಣೆಗೆ ತೊಡಗಿದುದು ಪ್ರಾಣಿಗಳ ಇಂಥ ಕಷ್ಟವನ್ನು ತಗ್ಗಿಸುವುದಕ್ಕಾಗಿಯೇ. ಬಿರಿಯಿಲ್ಲದ ಟ್ರೈಲರು ಅದೇ ರೀತಿಯಾಗಿ ಟ್ರಾಕ್ಟರನ್ನು ನೂಕಿ ಓರೆಯಾಗಿ ತಿರುಗಿಸಬಲ್ಲುದು; ಆಗ ಅಪಾಯಕ್ಕೊಳಗಾಗತಕ್ಕವನು ಚಾಲಕನು.

ಬಿರಿ: ಮೂಕಿಯನ್ನು ಒಂದರೊಳಗೊಂದು ಜರುಗುವ ಎರಡು ಭಾಗಗಳಾಗಿ ಮಾಡಿಸಬೇಕು. ಟ್ರಾಕ್ಟರು ನಿಧಾನವಾದಾಗ ಹೊರೆಯು ಮುಂದಕ್ಕೆ ಒತ್ತುವುದು. ಆ ಒತ್ತಡವೇ ಸಲಾಕೆಯ ಮೂಲಕ ಎರಡು ಚಕ್ರಗಳ ಬಿರಿಯನ್ನೂ ಸಮನಾಗಿ ಹಿಡಿಸುವುದು. ಹಿಂದಕ್ಕೆ ನಡೆಸುವಾಗ ಬಿರಿ ಹಿಡಿಯದಂತೆ ತಡೆಗೂಟವನ್ನೂ, ನಿಲ್ಲಿಸಿದಾಗ ಬಿಗಿಯಲು ಕೈಹಿಡಿಯನ್ನೂ, ಕೊಂಡಿ ಕಳಚಿದರೆ ಬಿರಿಯನ್ನು ತಾನಾಗಿ ಎಳೆಯುವ ಸರಪಣಿಯನ್ನೂ ಇರಿಸತಕ್ಕದ್ದು.

ಏರುಹಲಗೆ: ಇದರ ಉದ್ದವು ಟ್ರೈಲರಿನ ತಳದ ಎತ್ತರಕ್ಕೆ ನಾಲ್ಕರಷ್ಟಿದ್ದರೆ ಉತ್ತಮ. ತಳವು 2 ಅಡಿ ಎತ್ತರವಿದ್ದು, 400 ಕಿಲೋ ತೂಕದ ಯಂತ್ರವನ್ನು 4 ಅಡಿಯ ಹಲಗೆಯ ಮೇಲೆ ಏರಿಸಲು, ಘರ್ಷಣೆಯನ್ನು ಬಿಟ್ಟು, 200 ಕಿಲೋ ತೂಕದಷ್ಟು ಬಲ ಬೇಕಾಗುವುದು. 8 ಅಡಿಯ ಹಲಗೆಯಾದರೆ 100 ಕಿಲೋ ಸಾಕು. ಹಲಗೆಯ ಮೇಲ್ತುದಿಯನ್ನು ಕೊಕ್ಕೆಗಳಿಂದ ತಳಕ್ಕೆ ಭದ್ರಪಡಿಸಬೇಕು. ಕಾಲು ಜಾರದಂತೆ ಅಡ್ಡಪಟ್ಟಿಗಳನ್ನು ಬಡಿಸಬೇಕು.

ಹೊರೆಯು ಹಿಂಬದಿಯಲ್ಲಿ ಏರುವಾಗ ಎರಡು ಚಕ್ರದ ಟ್ರೈಲರಿನ ಮೂಕಿ ಮೇಲಕ್ಕೆದ್ದು ಇಡೀ ಟ್ರೈಲರು ಮಗುಚುವ ಸಂಭವವುಂಟು. ಆದಕಾರಣ ಅದನ್ನು ಟ್ರಾಕ್ಟರಿಗೆ ಸೇರಿಸಿಯೇ, ಬಿರಿ ಬಿಗಿದು, ಚಕ್ರಗಳಿಗೆ ಅಡೆಗಲ್ಲು ಕೊಟ್ಟು, ಹಿಂದುಗಡೆ ಎರಡು ಊರುಗಾಲುಗಳನ್ನು ನಿಲ್ಲಿಸಿದ ಮೇಲೆ ಹೊರೆ ಏರಿಸತಕ್ಕದ್ದು. ಹತ್ತಿಸುವಾಗ ಹಲಗೆಯ ಕೆಳಗಡೆ, ಯಂತ್ರದ ಹಿಂದೆ, ಯಾರೂ ನಿಲ್ಲಕೂಡದು. ಏರಿದ ಹೊರೆಯ ಭಾರವು ಅಚ್ಚಿಗಿಂತ ಸ್ವಲ್ಪ ಮುಂದಿರುವಂತೆ ಇರಿಸಿ ಬಿಗಿಯಾಗಿ ಕಟ್ಟಬೇಕು.

ನೋಂದಣಿಯಾದ ಟ್ರೈಲರನ್ನು ಮಾರ್ಪಡಿಸುವ ಮೊದಲು 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಕೆಲಸ ಮುಗಿದ ಬಳಿಕ ಮೊದಲು ಬರಿದಾಗಿ, ಅನಂತರ ಅರ್ಧ ಹೊರೆಯೊಡನೆ, ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ನೋಡಬೇಕು.

ಏರುಹಲಗೆಯಿಂದ ಹೊರೆ ಏರಿಸುವುದು ಸುಲಭವಾಗುವುದರಿಂದ ಹೆಚ್ಚು ಹೊರೆ ಹೇರುವ ಆಸೆಯೂ ಬೆಳೆಯುವುದು. ಒಂದಕ್ಕೆ ಮಾತ್ರ ಹಣ ಒದಗುವುದಾದರೆ ಭೂಮಾಲೀಕರು ಮೊದಲು ಬಿರಿಯನ್ನು ಹಾಕಿಸುವುದೇ ಯುಕ್ತ. ಗ್ರಾಮದ ಮುಖಂಡರು ತಮ್ಮ ಟ್ರೈಲರಿನಲ್ಲಿಯೇ ಇದನ್ನು ಮಾಡಿಸಿ ತೋರಿಸಿದರೆ ಉಳಿದವರೂ ಅನುಸರಿಸುವರು.