ಹತ್ತಕ್ಕೆ ಐದು

ಪ್ರಶ್ನೆ: ನನಗೆ 29 ವರ್ಷ. ದಾವಣಗೆರೆ ಕಡೆಯವನು, ಬೆಳ್ಳಂದೂರಿನಲ್ಲಿ ರೂಮು ಮಾಡಿಕೊಂಡಿದ್ದೇನೆ. ಲ್ಯಾಬ್ ಉಪಕರಣ ತಯಾರಿಸುವ ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್. ಜಿಗಣಿಯ ಔಷಧ ಲ್ಯಾಬೊಂದರಲ್ಲಿ ಸ್ಯಾಂಪಲ್ಲಿನ ಘಟಕಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರದ ಪಂಪ್ ಕೆಟ್ಟಿತ್ತು. ಪಾರ್ಟ್ ಬರಲು 11 ದಿನ ಹಿಡಿಯಿತು. ‘ನಿಮ್ಮ ಕೈಲಿ ಆಗಲ್ಲ ಅಂದ್ರೆ ಬೇರೆಯವರನ್ನ ಕಳಿಸಿ’ ಅಂದರು ಅಲ್ಲಿನ ಮೇಡಂ. ಪಾರ್ಟ್ ಬಂದ ದಿನವೇ ಸರಿಮಾಡಿಕೊಟ್ಟೆ. ಬೇಸ್‌ಲೈನ್ ಗೆರೆ ನೆಟ್ಟಗೆ ಬಂದಾಗ ಅವರೇ ಜೂನಿಯರ್‌ಗಳನ್ನು ಕರೆದು ತೋರಿಸಿದರು. ಆದರೂ ಕಂಪನಿ ಗ್ರಾಹಕರಿಂದ ಕೇಳುವ ಸರ್ವೆಯಲ್ಲಿ ಕೊಟ್ಟದ್ದು ಹತ್ತಕ್ಕೆ ಐದು. ಈಗ ಫೋನ್ ರಿಂಗಾದರೆ ಹೊಟ್ಟೆ ತೊಳಸುತ್ತದೆ, ರಾತ್ರಿ ನಿದ್ದೆ ಇಲ್ಲ. ಮೊನ್ನೆ ಇಬ್ಬಲೂರು ಜಂಕ್ಷನ್ ಹತ್ತಿರ ಬೈಕ್ ನಿಲ್ಲಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕೂತುಬಿಟ್ಟೆ. ನಾನು ಈ ಕೆಲಸಕ್ಕೆ ಲಾಯಕ್ಕಾ?

ಉತ್ತರ: ಆ ಇಪ್ಪತ್ತು ನಿಮಿಷದ ಬಗ್ಗೆ ನಾಚಿಕೆ ಬೇಡ. ಪಾರ್ಟ್ ಕಳಿಸುವ ಗೋದಾಮಿನವರಿಗೆ ಗ್ರಾಹಕರ ಮುಖ ಕಾಣುವುದಿಲ್ಲ, ಗ್ರಾಹಕರಿಗೆ ಗೋದಾಮು ಕಾಣುವುದಿಲ್ಲ. ಇಬ್ಬರಿಗೂ ಕಾಣುವವರು ನೀವೊಬ್ಬರೇ, ಹಾಗಾಗಿ ಮಾತು ಬಂದು ಬೀಳುವುದೂ ನಿಮ್ಮ ಮೇಲೆಯೇ. ಹನ್ನೊಂದು ದಿನ ಹಾಗೆ ನಿಂತ ಯಾರಿಗಾದರೂ ಕಾಲು ಸೋಲುತ್ತದೆ.

ಈಗ ಆ ಐದನ್ನು ಹತ್ತಿರದಿಂದ ನೋಡೋಣ. ಹತ್ತರ ಅಂಕ ಕೇಳುವ ಅನೇಕ ಕಂಪನಿಗಳು 2003ರಲ್ಲಿ ಅಮೆರಿಕದ ಫ್ರೆಡ್ ರೈಕ್‌ಹೆಲ್ಡ್ ಮುಂದಿಟ್ಟ ಲೆಕ್ಕವನ್ನು ಬಳಸುತ್ತವೆ. 9 ಅಥವಾ 10 ಕೊಟ್ಟರೆ ಮೆಚ್ಚಿದವರು, 7 ಮತ್ತು 8 ಯಾವ ಕಡೆಗೂ ಇಲ್ಲ, 6 ಅಥವಾ ಅದಕ್ಕಿಂತ ಕಡಿಮೆ ಕೊಟ್ಟವರೆಲ್ಲ ಅತೃಪ್ತರು. ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸ್ ಎಂದು ಪೇಡ ಹಂಚುವ ಜನ ನಾವು. ಆರು ಕೊಟ್ಟವರು ಚೆನ್ನಾಗಿಯೇ ಕೊಟ್ಟೆ ಅಂದುಕೊಂಡಿರುತ್ತಾರೆ. ಇನ್ನೂ ಮುಖ್ಯವಾದ ಮಾತೆಂದರೆ, ಆ ಲೆಕ್ಕದ ಮೂಲ ಪ್ರಶ್ನೆ ‘ಈ ಕಂಪನಿಯನ್ನು ಪರಿಚಯದವರಿಗೆ ಶಿಫಾರಸು ಮಾಡುತ್ತೀರಾ’ ಎಂಬುದು. ತಡವಾದ ಪಾರ್ಟ್, ವಾರ್ಷಿಕ ನಿರ್ವಹಣೆಯ (ಎಎಂಸಿ) ದರ, ಎತ್ತದ ಕಸ್ಟಮರ್ ಕೇರ್ ಫೋನು, ಎಲ್ಲ ಸೇರಿ ಒಂದು ಅಂಕ. ನಿಮ್ಮ ಕೈಕೆಲಸ ಅದರಲ್ಲೊಂದು ಪಾಲು ಅಷ್ಟೇ.

ಆ ಮೇಡಂ ಆಡಿದ ಮಾತು ಒರಟು, ನೋವಾಗಿದ್ದು ನಿಜ. ಆದರೆ ಪಂಪ್ ನಿಂತರೆ ಅವರ ಮೇಜಿನ ಮೇಲೆ ಸ್ಯಾಂಪಲ್‌ಗಳ ಸಾಲು ಬೆಳೆಯುತ್ತದೆ. ತಯಾರಿಸಿಟ್ಟ ದ್ರಾವಣದ ಅವಧಿ ಮುಗಿದರೆ ಮತ್ತೆ ಮೊದಲಿನಿಂದ. ಬ್ಯಾಚ್ ಬಿಡುಗಡೆ ಆಗದೆ ಮೇಲಿನವರು ಅವರನ್ನು ಕೇಳುತ್ತಿರುತ್ತಾರೆ. ಅವರ ಭಯ ನಿಮ್ಮ ಕಡೆ ಸಿಟ್ಟಾಗಿ ಬಂದಿದೆ.

ಲ್ಯಾಬ್ ಉಪಕರಣಗಳ ಈ ಕ್ಷೇತ್ರಕ್ಕೂ ಗ್ರಾಹಕರ ತಕರಾರಿಗೂ ಹಳೆಯ ನಂಟಿದೆ. 1934ರಲ್ಲಿ ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಂಘದ ರಸಾಯನಶಾಸ್ತ್ರಜ್ಞ ಗ್ಲೆನ್ ಜೋಸೆಫ್, ನಿಂಬೆರಸದ ಹುಳಿ ಅಳೆಯಲು ತನ್ನ ಉಪಕರಣ ಸಾಲದು ಎಂದು ಗೆಳೆಯ ಆರ್ನಲ್ಡ್ ಬೆಕ್‌ಮನ್ ಹತ್ತಿರ ಗೋಳು ಹೇಳಿಕೊಂಡ. ಬೆಕ್‌ಮನ್ ಹೊಸದೊಂದನ್ನು ಮಾಡಿಕೊಟ್ಟ. ಸ್ವಲ್ಪ ಕಾಲದ ನಂತರ ಜೋಸೆಫ್ ಮತ್ತೆ ಬಂದ. ಜೊತೆಯವರು ಅದನ್ನು ಎತ್ತಿಕೊಂಡು ಹೋಗುತ್ತಿದ್ದರಿಂದ ಇನ್ನೊಂದು ಬೇಕಿತ್ತು! ನೀವು ದಿನಾ ನೋಡುವ ಪಿಎಚ್ ಮೀಟರ್ ಮನೆತನ ಶುರುವಾದದ್ದು ಹೀಗೆ. ಗ್ರಾಹಕರ ಕಷ್ಟವನ್ನು ಎದುರಿಗೆ ನಿಂತು ಕೇಳಿಸಿಕೊಳ್ಳುವ ಜಾಗದಲ್ಲಿ ಈಗ ನೀವಿದ್ದೀರಿ. ಅದು ಸಣ್ಣ ಜಾಗವಲ್ಲ.

ಇನ್ನು ಮಾಡಬಹುದಾದದ್ದು. ಪಾರ್ಟ್ ಬಾಕಿ ಇರುವಾಗ ಗ್ರಾಹಕರು ಫೋನ್ ಮಾಡುವ ಮುಂಚೆ ನೀವೇ ದಿನಾ ಒಂದೇ ಹೊತ್ತಿಗೆ ಮಾಡಿ. ಹೇಳಲು ಹೊಸದೇನೂ ಇಲ್ಲದ ದಿನವೂ ‘ಇವತ್ತೂ ಬಂದಿಲ್ಲ ಮೇಡಂ, ನಾಳೆ ಹನ್ನೊಂದಕ್ಕೆ ಮತ್ತೆ ಹೇಳ್ತೀನಿ’ ಅನ್ನಿ. ಜನ ವಿಳಂಬವನ್ನು ಹೇಗೋ ಸಹಿಸುತ್ತಾರೆ, ಮೌನವನ್ನು ಸಹಿಸುವುದಿಲ್ಲ. ಕಾಲ್ ಬಂದ ದಿನ, ಪಾರ್ಟ್ ಕೇಳಿದ ದಿನ, ಬಂದ ದಿನ, ಮುಗಿಸಿದ ದಿನ, ಇಷ್ಟನ್ನು ಸರ್ವಿಸ್ ರಿಪೋರ್ಟಿನಲ್ಲಿ ಬರೆದಿಟ್ಟು ಮ್ಯಾನೇಜರ್ ಮುಂದೆ ಇಡಿ. ಪಾರ್ಟಿನ ತಡವನ್ನೂ ಕೆಲಸದ ಗುಣವನ್ನೂ ಬೇರೆ ಬೇರೆ ನೋಡಿ ಎಂದು ಕೇಳುವುದು ದೂರಲ್ಲ, ನಿಮ್ಮ ಹಕ್ಕು. ಇದನ್ನು ಓದುತ್ತಿರುವ ಲ್ಯಾಬಿನವರಲ್ಲೂ ಒಂದು ವಿನಂತಿ: ಅಂಕ ಎಷ್ಟೇ ಕೊಡಿ, ಕೆಳಗಿನ ಖಾಲಿ ಜಾಗದಲ್ಲಿ ‘ಎಂಜಿನಿಯರ್ ಚೆನ್ನಾಗಿ ಮಾಡಿದರು, ಕಂಪನಿ ತಡಮಾಡಿತು’ ಎಂದು ಬಿಡಿಸಿ ಬರೆಯಿರಿ.

ನಿದ್ದೆ ಕೆಡುವುದು, ಹೊಟ್ಟೆ ತೊಳಸುವುದು ಎರಡು ವಾರ ದಾಟಿದ್ದರೆ ಒಬ್ಬರೇ ನಿಭಾಯಿಸಲು ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮುಖಾಮುಖಿ ಬೇಕೆನಿಸಿದರೆ ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸ್‌ನ ಸ್ವಾಸ್ಥ್ಯ ಕೇಂದ್ರವಿದೆ, ನಿಮಗೆ ದೂರವೂ ಅಲ್ಲ.

ಜೂನಿಯರ್‌ಗಳನ್ನು ಕರೆದು ತೋರಿಸಿದರು ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಸೋಮವಾರ ಆ ಮೇಡಂಗೇ ಮೊದಲ ಫೋನ್ ಮಾಡಿ, ಪಂಪ್ ಹೇಗಿದೆ ಎಂದಷ್ಟೇ ಕೇಳಿ.