ಹುಲಿಪಟ್ಟೆಯ ಅಂಗಿಗೆ ಯಾವ ಬಣ್ಣ?

ಪ್ರಶ್ನೆ: ಮೇಡಂ, ಟಿಪ್ಪು ಸೈನ್ಯದ 28 ಮಿ.ಮೀ. ಅಳತೆಯ ಲೋಹದ ಸಿಪಾಯಿಗಳನ್ನು ತರಿಸಿಕೊಂಡಿದ್ದೇನೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಚಿತ್ರ ನೋಡಿಕೊಂಡು ಬಣ್ಣ ಹಚ್ಚಬಹುದೆ? ಅಂಗಿಯ ಹುಲಿಪಟ್ಟೆ ಬರೆಯಲು ಹೋದರೆ ಎಲ್ಲ ಕಲಸಿಹೋಗುತ್ತಿದೆ.
– ಓದುಗರು, ಮೈಸೂರು

ಉತ್ತರ: ದರಿಯಾ ದೌಲತ್ ಕಟ್ಟಿದ್ದು 1784ರಲ್ಲಿ. ಆದರೆ 1780ರ ಪೊಲ್ಲಿಲೂರು ಕದನದ ಆ ಚಿತ್ರವನ್ನು 19ನೇ ಶತಮಾನದಲ್ಲಿ ಮತ್ತೆ ಬರೆಸಲಾಗಿದೆ. ದಂಡು ಸಾಗುವ ರೀತಿ, ಕುದುರೆ ಸವಾರರ ಸಾಲು, ನಡುವೆ ಪಲ್ಲಕ್ಕಿಯಲ್ಲಿ ಕುಳಿತ ಬ್ರಿಟಿಷರ ಕರ್ನಲ್ ಬೇಯ್ಲಿ, ಇದನ್ನೆಲ್ಲ ಅಲ್ಲಿ ಕಣ್ತುಂಬ ನೋಡಿ. ಬಟ್ಟೆಯ ಬಣ್ಣಕ್ಕೆ ಮಾತ್ರ ಅದೊಂದನ್ನೇ ನೆಚ್ಚಬೇಡಿ. ಮೂರನೇ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ದಂಡಿನೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಟಿಪ್ಪುವಿನ ಸಿಪಾಯಿಗಳನ್ನು ಚಿತ್ರಿಸಿದ್ದಾನೆ. ಅವನ್ನು ಹುಡುಕಿ ನೋಡಿ. ಆ ಕಾಲದ ಬ್ರಿಟಿಷ್ ವರ್ಣನೆಯಲ್ಲಿ ನೇರಳೆ ಬಟ್ಟೆಯ ಮೇಲೆ ಬಿಳಿ ಗುರುತಿನ ‘ಹುಲಿ ಅಂಗಿ’, ಕೆಂಪು ಮುಂಡಾಸು, ಕೆಂಪು ನಡುಕಟ್ಟು, ಎದೆಯ ಮೇಲೆ ಅಡ್ಡಹಾಯುವ ಕಪ್ಪು ತೊಗಲಿನ ಪಟ್ಟಿಗಳು ಬರುತ್ತವೆ. ಬಿಸಿಲಿಗೆ ಮಾಸಿದ ಅಂಗಿಗಳಲ್ಲವೆ? ಒಬ್ಬೊಬ್ಬ ಸಿಪಾಯಿಗೂ ನೇರಳೆಯನ್ನು ತುಸು ಬೇರೆ ಮಾಡಿ ಕಲಸಿ. ಸಾಲಿಗೆ ಜೀವ ಬರುವುದು ಆ ವ್ಯತ್ಯಾಸದಿಂದಲೇ.

ಪಟ್ಟೆ ಕಲಸಿಹೋಗುವುದಕ್ಕೆ ಕಾರಣ ನಿಮ್ಮ ಕೈಯಲ್ಲ, ಬ್ರಷ್ಷು. ತೀರ ಸಣ್ಣ ಬ್ರಷ್ ಹಿಡಿದರೆ ತುದಿಯಲ್ಲೇ ಬಣ್ಣ ಒಣಗುತ್ತದೆ. ಚೂಪಾದ ಮೊನೆಯ 1ನೇ ನಂಬರ್ ಬ್ರಷ್ ಕೊಳ್ಳಿ. ಮೊದಲು ಪ್ರೈಮರ್, ಆಮೇಲೆ ಮಜ್ಜಿಗೆಯಷ್ಟು ತೆಳುವಾದ ನೇರಳೆ ಅಕ್ರಿಲಿಕ್ ಎರಡು ಸಲ, ನಂತರ ಮಡಿಕೆಗಳಲ್ಲಿ ಇಳಿಯುವಂತೆ ಕಡುಬಣ್ಣದ ವಾಶ್. ಅದು ಪೂರ್ತಿ ಒಣಗಿದ ಮೇಲಷ್ಟೇ ಪಟ್ಟೆ. ಅಚ್ಚ ಬಿಳಿ ಬೇಡ, ನೇರಳೆ ಬೆರೆತ ತಿಳಿಬೂದು ಸಾಕು. ಉದ್ದ ಗೆರೆ ಎಳೆಯದೆ ತುಂಡುತುಂಡಾಗಿ ಒತ್ತುತ್ತ ಹೋಗಿ. ಒಂದು ಮೊಳ ದೂರ ಹಿಡಿದಾಗ ಕಣ್ಣೇ ಅವನ್ನು ಕೂಡಿಸಿಕೊಳ್ಳುತ್ತದೆ.

ಪ್ರಶ್ನೆ: 1799ರ ಶ್ರೀರಂಗಪಟ್ಟಣದ ಮುತ್ತಿಗೆಯ ದೃಶ್ಯ ಮಾಡುತ್ತಿದ್ದೇನೆ. ಬೇಸ್‌ಗೆ ಅಕ್ವೇರಿಯಂ ಕಲ್ಲು, ಹಸಿರು ಹುಲ್ಲು ಅಂಟಿಸಿದೆ. ಏನೋ ಸರಿಹೋಗಲಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಕೋಟೆ ಬಿದ್ದದ್ದು ಮೇ 4ರಂದು. ಬೇಸಿಗೆಯ ಕಾವೇರಿ ಬತ್ತಿದ್ದರಿಂದಲೇ ಬ್ರಿಟಿಷರ ಪಡೆ ಹೊಳೆಯಲ್ಲಿ ನಡೆದು ದಾಟಿತು. ಅಂಥ ದಿನಕ್ಕೆ ನೀವು ಆಷಾಢದ ಹುಲ್ಲು ಹಾಸಿದ್ದೀರಿ! ಒಣಹುಲ್ಲಿನ ಬಣ್ಣದ್ದನ್ನು ಅಲ್ಲಲ್ಲಿ ಗುಂಪಾಗಿ ನೆಡಿ, ನಡುವೆ ಕೆಂಪು ನೆಲ ಕಾಣಲಿ. ಕಲ್ಲಿಗೂ ಲೆಕ್ಕವಿದೆ. ಈ ಸಿಪಾಯಿ ಹೆಚ್ಚುಕಡಿಮೆ ಅರುವತ್ತರಲ್ಲೊಂದು ಪಾಲು. ಹಾಗಾಗಿ 2 ಮಿ.ಮೀ. ಹರಳು ಅವನ ಕಾಲಬುಡದಲ್ಲಿ 12 ಸೆಂ.ಮೀ. ಕಲ್ಲಾಗುತ್ತದೆ. ಜರಡಿ ಹಿಡಿದ ನುಣುಪು ಮರಳನ್ನು ಫೆವಿಕಾಲ್ ಮೇಲೆ ಉದುರಿಸಿ, ಒಣಗಿದ ಮೇಲೆ ನೀರು ಬೆರೆಸಿದ ಫೆವಿಕಾಲ್ ಇನ್ನೊಮ್ಮೆ ಹಾಯಿಸಿ. ಆಮೇಲೆ ಕೆಂಗಂದು ಬಳಿದು, ಒಣ ಬ್ರಷ್‌ನಿಂದ ತಿಳಿಬಣ್ಣವನ್ನು ಮೇಲ್ಮೇಲೆ ಸವರಿ. ಅದೇ ಧೂಳನ್ನು ಸಿಪಾಯಿಯ ಪಾದಕ್ಕೂ ಸ್ವಲ್ಪ ತಾಕಿಸಿ, ಆಗ ಅವನು ಆ ನೆಲದ ಮೇಲೆ ನಿಂತಂತಾಗುತ್ತದೆ. ನನಗೆ ಈ ಹವ್ಯಾಸದಲ್ಲಿ ಅತಿ ಪ್ರಿಯವಾದ ಘಳಿಗೆ ಅದು.

ಪ್ರಶ್ನೆ: ಮ್ಯಾಟ್ ವಾರ್ನಿಷ್ ಸ್ಪ್ರೇ ಮಾಡಿದೆ, ಇಡೀ ಪಡೆ ಬೆಳ್ಳಗೆ ಮಂಜು ಕವಿದಂತಾಯಿತು.
– ಓದುಗರು, ಮಂಗಳೂರು

ಉತ್ತರ: ಮಳೆಗಾಲದ ತೇವ ಮಾಡಿದ ಕೆಲಸ. ಬ್ರಷ್‌ನಿಂದ ಹೊಳಪಿನ (ಗ್ಲಾಸ್) ವಾರ್ನಿಷ್ ತೆಳ್ಳಗೆ ಸವರಿದರೆ ಬಹಳ ಸಲ ಮಬ್ಬು ಬಿಡುತ್ತದೆ. ಮೊದಲು ಒಂದೇ ಸಿಪಾಯಿಯ ಮೇಲೆ ಪರೀಕ್ಷಿಸಿ. ಮಳೆ ಮುಗಿಯುವವರೆಗೆ ಸ್ಪ್ರೇ ಮುಟ್ಟಬೇಡಿ.

ಪ್ರಶ್ನೆ: ಅಜ್ಜನ ಕಾಲದ ಸೀಸದ ಸಿಪಾಯಿಗಳಿವೆ. ಮೈಮೇಲೆ ಬಿಳಿ ಪುಡಿ ಎದ್ದಿದೆ. ಕೆರೆದು ಹೊಸ ಬಣ್ಣ ಹಚ್ಚಲೆ?
– ಓದುಗರು, ಧಾರವಾಡ

ಉತ್ತರ: ಬೇಡ, ದಯವಿಟ್ಟು ಕೆರೆಯಬೇಡಿ. ಆ ಪುಡಿಯೂ ಸೀಸವೇ, ಉಸಿರಿನಲ್ಲಿ ಒಳಹೋದರೆ ವಿಷ. ಮುಚ್ಚಿದ ಮರದ ಕಪಾಟಿನಲ್ಲಿ ಮರದಿಂದ ಹೊಮ್ಮುವ ಆಮ್ಲದ ಆವಿಗೆ ಸೀಸ ಹೀಗೆ ಕೊರೆದುಹೋಗುತ್ತದೆ. ಕೈಗವಸು ತೊಟ್ಟು ಅವನ್ನು ಗಾಜು ಅಥವಾ ಲೋಹದ ಪೆಟ್ಟಿಗೆಗೆ ಸಾಗಿಸಿ, ತೇವ ಹೀರುವ ಸಿಲಿಕಾ ಜೆಲ್ ಇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಇಂಗ್ಲೆಂಡಿನ ವಿಲಿಯಂ ಬ್ರಿಟನ್ ಕಂಪನಿ 1893ರಿಂದ ಒಳಟೊಳ್ಳಿನ ಸೀಸದ ಸಿಪಾಯಿಗಳನ್ನು ಮಾಡುತ್ತಿತ್ತು. ಅವು ಅಂಥವಾಗಿದ್ದರೆ ಮೂಲ ಬಣ್ಣಕ್ಕೇ ಬೆಲೆ. ಬೇಸ್‌ನ ಅಡಿಯಲ್ಲಿ ಅಕ್ಷರಗಳಿವೆಯೇ ನೋಡಿ, ಫೋಟೋ ತೆಗೆದು ಕಳಿಸಿ.